ಬ್ರೆಡ್ ಮೇಲೆ ಇದ್ದವಳು

ನನ್ನ ಮದುವೆ ಆದದ್ದು ಒಂದು ಇಂಗ್ಲಿಷ್ ಮಾತಿನ ಮೇಲೆ. ಆ ಮಾತು ಬ್ರೆಡ್. ಹೀಗೆ ಹೇಳಿದರೆ ಮೊಮ್ಮಗಳು ನಗುತ್ತಾಳೆ. ಅವಳಿಗೆ ಬ್ರೆಡ್ ಅಂದರೆ ಅಡುಗೆಗೆ ಬೇಸರವಾದ ದಿನ ಹೆಂಚಿನ ಮೇಲೆ ಕಾಯಿಸಿಕೊಂಡು ತಿನ್ನುವ ಪದಾರ್ಥ. ನಮ್ಮ ಕಾಲಕ್ಕೆ ಹುಮನಾಬಾದಿನಲ್ಲಾಗಲಿ ಕಲ್ಯಾಣಿಯಲ್ಲಾಗಲಿ ಆ ಮಾತಿಗೆ ಇದ್ದದ್ದು ಒಂದೇ ಅರ್ಥ, ಅದನ್ನು ಆಡುವಾಗ ಜನ ದನಿ ತಗ್ಗಿಸುತ್ತಿದ್ದರು. ಕಲ್ಯಾಣಿ ಅಂದರೆ ಈಗಿನ ಬಸವಕಲ್ಯಾಣ.

ಮೊದಲ ಸಲ ನಾನು ಅದನ್ನು ಕೇಳಿದ್ದು ನಲವತ್ತೇಳರಲ್ಲಿ, ಹುಮನಾಬಾದಿನ ನನ್ನ ತವರಿನಲ್ಲಿ. ಅಜ್ಜನಿಗೆ ಹಿಡಿದ ಜ್ವರ ಏನು ಮಾಡಿದರೂ ಇಳಿಯಲಿಲ್ಲ. ಕೊನೆಗೆ ಡಾಕ್ಟರನ್ನು ಕರೆಸಿದರು. ಅವರು ನಾಡಿ ಹಿಡಿದು ನೋಡಿ, "ಇನ್ನ ರೊಟ್ಟಿ ಬ್ಯಾಡ, ಬ್ರೆಡ್ ಹಾಲು ಕೊಡ್ರಿ" ಅಂದರು. ಆ ಮಾತು ಕಿವಿಗೆ ಬಿದ್ದದ್ದೇ ತಡ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನೆರೆಹೊರೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಅಜ್ಜನ ಮುಖ ನೋಡಿಕೊಂಡು ಹೋದರು. ತಂದ ಬ್ರೆಡ್ ತೀರುವ ಮೊದಲೇ ಅಜ್ಜ ತೀರಿಕೊಂಡ. ಉಳಿದದ್ದನ್ನು ಯಾರೂ ತಿನ್ನಲಿಲ್ಲ, ದನಕ್ಕೂ ಹಾಕಲಿಲ್ಲ, ಅಪ್ಪ ಒಯ್ದು ಹಳ್ಳಕ್ಕೆ ಚೆಲ್ಲಿ ಬಂದ. ಗಟ್ಟಿಮುಟ್ಟಾದವರು ಬ್ರೆಡ್ ತಿಂದರೆ ಜಡ್ಡು ಅವರನ್ನು ಹುಡುಕಿಕೊಂಡು ಬರುತ್ತದೆ ಎಂದು ಎಲ್ಲರೂ ನಂಬಿದ್ದರು. ಸಾಯುವ ಹೊತ್ತಿಗೆ ಡಾಕ್ಟರನ್ನು ಕರೆಸುವುದು ನಮ್ಮ ರೂಢಿ. ಡಾಕ್ಟರು ಬಂದರೆ ಬ್ರೆಡ್ ಬರುತ್ತಿತ್ತು, ಬ್ರೆಡ್ ಬಂದಮೇಲೆ ಸಾವು ಬರುತ್ತಿತ್ತು, ತಪ್ಪೆಲ್ಲ ಬ್ರೆಡ್ಡಿನ ತಲೆಗೆ ಬರುತ್ತಿತ್ತು. ಹೀಗಾಗಿ ಯಾರಾದರೂ ಬದುಕುವುದಿಲ್ಲ ಎಂದು ಹೇಳಬೇಕಾದರೆ "ಬ್ರೆಡ್ ಮ್ಯಾಲ ಅದಾರ" ಅಂದರೆ ಸಾಕಿತ್ತು.

ಆ ಪದಾರ್ಥಕ್ಕೆ ನಮ್ಮ ಕಡೆ ಬೇರೆ ಹೆಸರು ಇರಲಿಲ್ಲ ಅಂತಲ್ಲ. ಮುಸಲ್ಮಾನರ ಓಣಿಯಲ್ಲಿ ಅದು ಡಬಲ್ ರೊಟ್ಟಿ. ಸೋಲಾಪುರದ ಕಡೆಯವರ ಬಾಯಲ್ಲಿ ಪಾವ್. ಡಬಲ್ ರೊಟ್ಟಿ ಲಿಂಗಾಯತರ ಹೊಸ್ತಿಲು ದಾಟುವ ಹಾಗಿರಲಿಲ್ಲ. ಹಿಟ್ಟು ಉಬ್ಬಲು ಈಚಲ ಶಿಂದಿ ಹಾಕುತ್ತಾರೆ, ಕಾಲಲ್ಲಿ ತುಳಿದು ಕಲಸುತ್ತಾರೆ ಎಂದೆಲ್ಲ ಆಡಿಕೊಳ್ಳುತ್ತಿದ್ದರು. ಅದನ್ನೇ ಡಾಕ್ಟರು ಬ್ರೆಡ್ ಅಂದುಬಿಟ್ಟರೆ ಅದು ಔಷಧಿ, ಔಷಧಿಗೆ ಜಾತಿಯಿಲ್ಲ. ಅದೇ ಭಟ್ಟಿಯಲ್ಲಿ ಅದೇ ಕೈ ಸುಟ್ಟದ್ದು ಇಂಗ್ಲಿಷ್ ಹೆಸರು ಹಚ್ಚಿಕೊಂಡ ಕೂಡಲೇ ಒಳಗೆ ಬರುತ್ತಿತ್ತು. ಡಬಲ್ ಎಂಬುದೂ ಇಂಗ್ಲಿಷೇ ಎಂದು ಮುಂದೆ ನನಗೆ ಅತ್ತೆಯಾದವರಿಗೆ ಯಾರೂ ಹೇಳಿರಲಿಲ್ಲ, ಪುಣ್ಯ.

ನಲವತ್ತೊಂಬತ್ತರ ಬೇಸಿಗೆಯಲ್ಲಿ ಸೋದರಮಾವ ನನಗೊಂದು ಸಂಬಂಧ ತಂದ. ಹುಡುಗ ಕಲ್ಯಾಣಿಯವನು, ಹತ್ತಿರದ ಕೊಹಿನೂರು ಹಳ್ಳಿಯಲ್ಲಿ ಹೊಲ, ಮನೆಯಲ್ಲಿ ತಾಯಿ ಒಬ್ಬಳೇ. ಮೊದಲನೆಯ ಹೆಂಡತಿ ಇದ್ದಾಳೆ ಎಂಬುದನ್ನು ಮಾವ ಎಲೆ ಅಡಿಕೆ ಹಾಕಿಕೊಂಡ ಮೇಲೆ ಹೇಳಿದ.

ಅವ್ವ ಸಿಟ್ಟಾದಳು. "ನನ್ನ ಮಗಳನ್ನ ಸವತಿ ಮ್ಯಾಲ ಕೊಡ್ಲೇನು?"

"ಎಲ್ಲೀ ಸವತಿ, ಅಕ್ಕಾ," ಅಂದ ಮಾವ. "ಹ್ವಾದ ಮಳಿಗಾಲದಿಂದ ಬ್ರೆಡ್ ಮ್ಯಾಲ ಅದಾಳ. ಮಕ್ಕಳೂ ಇಲ್ಲ."

ಅವ್ವ, "ಪಾಪ" ಅಂದಳು. ಆ ಪಾಪ ಅಂದದ್ದೇ ಒಪ್ಪಿಗೆ. ನನಗೂ ತಿಳಿಸಿ ಹೇಳಿದರು: ಹೋಗಿ ನಾಲ್ಕು ದಿನ ಆಕೆಯ ಸೇವೆ ಮಾಡು, ಆಮೇಲೆ ಮನೆ ನಿನ್ನದೇ. ನನಗೆ ಆಗಿನ್ನೂ ಹದಿನಾರು. ಒಬ್ಬಳು ಸಾಯುವುದನ್ನು ಕಾಯಲು ನನ್ನನ್ನು ಕಳಿಸುತ್ತಿದ್ದಾರೆ ಎಂದು ತಿಳಿಯಿತು, ತಿಳಿದರೂ ಹಸಿರು ಬಳೆ ಇಟ್ಟುಕೊಂಡು ಗಾಡಿ ಹತ್ತಿದೆ. ಬೇಡ ಅನ್ನುವ ಹಕ್ಕು ಯಾರಿಗಿತ್ತು.

ಹುಮನಾಬಾದಿನಿಂದ ಕಲ್ಯಾಣಿಯವರೆಗೆ ದಾರಿಯಲ್ಲಿ ಮೇಲ್ಛಾವಣಿ ಇಲ್ಲದ ಮನೆಗಳು ಕಂಡವು. ಬಾಗಿಲ ಚೌಕಟ್ಟನ್ನೂ ಯಾರೋ ಕಿತ್ತುಕೊಂಡು ಹೋಗಿದ್ದರು. ಹಿಂದಿನ ವರ್ಷದ ಭಾದ್ರಪದದಲ್ಲಿ, ಸರಕಾರದ ಸೈನ್ಯ ಬಂದು ಪೊಲೀಸ್ ಆ್ಯಕ್ಷನ್ ಆದ ದಿನಗಳಲ್ಲಿ ಏನಾಯಿತು ಎಂಬುದನ್ನು ನಮ್ಮ ಕಡೆಯವರು ಈಗಲೂ ಗಟ್ಟಿಯಾಗಿ ಹೇಳುವುದಿಲ್ಲ. ಅದಕ್ಕೂ ಮೊದಲು ನಮ್ಮವರು ಜೀವಕ್ಕೆ ಅಂಜಿ ಗಂಟುಮೂಟೆ ಕಟ್ಟಿಕೊಂಡು ಸಂಸ್ಥಾನದ ಗಡಿ ದಾಟಿ ಓಡಿದ್ದರು. ಆ ದಿನಗಳಲ್ಲಿ ಮುಸಲ್ಮಾನರ ಪಾಳಿ ಬಂತು. ಹೊರಗಿನಿಂದ ಬಂದವರು ಮಾಡಿದರು ಅನ್ನುತ್ತಾರೆ. ಹೊರಗಿನವರಿಗೆ ಯಾವ ಓಣಿ ಯಾರದು ಎಂದು ಹೇಗೆ ಗೊತ್ತಾಯಿತು ಎಂದು ಕೇಳಿದರೆ ಮಾತು ಬದಲಿಸುತ್ತಾರೆ. ಕಲ್ಯಾಣಿಯಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ನಾನು ಹೋದಾಗ ಹೆಂಗಸರೇ ಇದ್ದರು, ಗಡ್ಡ ಮೀಸೆ ಬಂದ ಗಂಡಸು ಕಾಣಲಿಲ್ಲ.

ಸಾಯುವವಳನ್ನು ನೋಡಲು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಅಕ್ಕ, ಅಂದರೆ ನನ್ನ ಸವತಿ, ಹಿತ್ತಲ ಬಾಗಿಲಿಗೆ ಹತ್ತಿದ ಸಣ್ಣ ಕೋಣೆಯಲ್ಲಿ ಹೊರಸಿನ ಮೇಲೆ ಕೌದಿ ಹೊದ್ದು ಮಲಗಿದ್ದಳು. ಬಿಸಿಲು ಕಾಣದೆ ಮುಖ ಬಿಳಿಚಿಕೊಂಡಿತ್ತು, ಆದರೆ ಕಣ್ಣು ಚುರುಕಾಗಿದ್ದವು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಭಾಳ ಸಣ್ಣಾಕಿ ಇದ್ದೀ" ಅಂದಳು. ಬಯ್ಯುತ್ತಾಳೆ ಎಂದುಕೊಂಡಿದ್ದೆ, ಬಯ್ಯಲಿಲ್ಲ.

ಅತ್ತೆ ಮೊದಲ ದಿನವೇ ನನಗೆ ನೇಮ ಹೇಳಿದರು. ಬ್ರೆಡ್ ತಿನ್ನುವವಳನ್ನು ಯಾರೂ ಮುಟ್ಟಬಾರದು. ಆಕೆಯ ಬಟ್ಟಲು ಬೇರೆ, ತಂಬಿಗೆ ಬೇರೆ. ಔಷಧಿ ಅಂತ ಒಳಗೆ ಬಿಟ್ಟರೂ ಅದು ಯಾರ ಕೈಯಿಂದ ಬಂತು ಎಂಬುದನ್ನು ಮರೆಯಬಾರದು. ಜ್ವರ ಇಳಿದು, ಬ್ರೆಡ್ ಬಿಟ್ಟು, ತಲೆಗೆ ಎರೆದುಕೊಂಡು ವಿಭೂತಿ ಹಚ್ಚಿಕೊಂಡ ಮೇಲೆಯೇ ಆಕೆ ಒಳಗೆ ಬರಬೇಕು. ಲಿಂಗಾಯತರಿಗೆ ಸೂತಕವಿಲ್ಲ ಎಂದು ಸ್ವಾಮಿಗಳು ಹೇಳುತ್ತಾರೆ. ನಮ್ಮ ಅತ್ತೆ ಸ್ವಾಮಿಗಳಿಗಿಂತ ಒಂದು ಕೈ ಮೇಲು.

ದಿನಾ ಬಿಸಿಲೇರುವ ಹೊತ್ತಿಗೆ ಹಿತ್ತಲ ಬಾಗಿಲಿಗೆ ಕರಿ ಬುರ್ಖಾದ ಹೆಂಗಸು ಬರುತ್ತಿದ್ದಳು. ಬ್ರೆಡ್ ಸುಡುವ ಭಟ್ಟಿಯವನ ಹೆಂಡತಿ, ಈಗ ವಿಧವೆ. ನಾವು ಬೂಬು ಅನ್ನುತ್ತಿದ್ದೆವು. ಬಟ್ಟೆಯಲ್ಲಿ ಸುತ್ತಿದ ಬ್ರೆಡ್ಡನ್ನು ಹೊರಗಿನ ಗೋಡೆಯ ಗೂಡಿನಲ್ಲಿ ಇಟ್ಟು, ಅದೇ ಗೂಡಿನಲ್ಲಿ ಅತ್ತೆ ಇಟ್ಟ ಸೇರು ಜೋಳವನ್ನು ಚೀಲಕ್ಕೆ ಸುರಿದುಕೊಳ್ಳುತ್ತಿದ್ದಳು. ಹೊಸ್ತಿಲ ಆಚೆ ನಿಂತೇ ಜ್ವರದ ಸುದ್ದಿ ಕೇಳುತ್ತಿದ್ದಳು:

"ಬುಖಾರ್ ಹ್ಯಾಂಗದ ಬೇಟಿ?"

"ಅದ ಬೂಬೂ. ಹಂಗೇ ಅದ," ಅಕ್ಕ ಒಳಗಿನಿಂದ ನರಳುತ್ತಿದ್ದಳು.

"ಅಲ್ಲಾ ಇಳಸ್ತಾನ. ನಾ ದುವಾ ಮಾಡಾಕತ್ತೇನಿ," ಎಂದು ಹೇಳಿ ಬೂಬು ಹೋಗುತ್ತಿದ್ದಳು. ಆ ಹೆಂಗಸು ನಿಜವಾಗಿಯೂ ದೇವರಲ್ಲಿ ಬೇಡಿಕೊಳ್ಳುತ್ತಿದ್ದಳು, ಅದು ಆಕೆಯ ದನಿಯಲ್ಲೇ ತಿಳಿಯುತ್ತಿತ್ತು.

ಒಂದು ದಿನ ಅತ್ತೆ ಮಠಕ್ಕೆ ಹೋಗಿದ್ದರು. ನಾನು ಹಿತ್ತಲ ಬಾವಿಯಿಂದ ನೀರು ಸೇದುತ್ತಿದ್ದೆ. ಹಗ್ಗ ಕೈ ಜಾರಿತು, ತುಂಬಿದ ಕೊಡ ಬಾವಿಗೆ ಇಳಿಯತೊಡಗಿತು. ಹಿಂದಿನಿಂದ ಯಾರೋ ಬಂದು ಹಗ್ಗ ಹಿಡಿದು ನಾಲ್ಕು ಎಳೆತಕ್ಕೆ ಕೊಡ ಮೇಲೆತ್ತಿ ಕಟ್ಟೆಯ ಮೇಲೆ ಇಟ್ಟರು. ತಿರುಗಿ ನೋಡಿದರೆ ಅಕ್ಕ. ನಾನು ನೇಮ ಮರೆತು ಆಕೆಯ ಮುಂಗೈ ಹಿಡಿದೆ. ಆ ಕೈ ಕೊಡದಷ್ಟೇ ತಣ್ಣಗಿತ್ತು.

"ಜ್ವರಾ ಇಲ್ಲ ನಿನಗ," ಅಂದೆ.

"ಇಲ್ಲ," ಅಂದಳು. "ಹ್ವಾದ ದಸರಿ ಮುಂದೇ ಹೋಗ್ಯದ."

ಹೊರಸಿನ ಮೇಲೆ ಕುಳಿತು ಆಕೆ ನನಗೆ ಎಲ್ಲ ಹೇಳಿದಳು. ಹಿಂದಿನ ಮಳೆಗಾಲದಲ್ಲಿ ಆಕೆಗೆ ವಾರಗಟ್ಟಲೆ ಇಳಿಯದ ಮುದ್ದತಿ ಜ್ವರ ಬಂದದ್ದು ನಿಜ. ಹುಮನಾಬಾದಿನಿಂದ ಬಂದ ಡಾಕ್ಟರು ಬ್ರೆಡ್ ಹೇಳಿದ್ದರು, ಭಟ್ಟಿಯವನು ದಿನಾ ತಾನೇ ತಂದು ಕೊಡುತ್ತಿದ್ದ. ಭಾದ್ರಪದದ ಆ ದಿನಗಳಲ್ಲಿ ಅವನು ಭಟ್ಟಿಮನೆಯ ಬಾಗಿಲು ಹಾಕಿಕೊಂಡು ಹೆಂಡತಿಯೊಂದಿಗೆ ಒಳಗೆ ಕುಳಿತ. ಬ್ರೆಡ್ ಬರುವುದು ನಿಂತಿತು. ಅಕ್ಕ ಬೇರೇನೂ ನುಂಗುತ್ತಿರಲಿಲ್ಲ. ಅತ್ತೆ ಹೊಲದಾಳಿನ ಕೈಯಲ್ಲಿ ಅವನಿಗೆ ಹೇಳಿ ಕಳಿಸಿದರು: ಸೊಸೆಗೆ ಜಡ್ಡು ಹೆಚ್ಚಾಗಿದೆ, ಬ್ರೆಡ್ ಬಂದಿಲ್ಲ.

"ಅವ ಬಂದ," ಅಂದಳು ಅಕ್ಕ. "ಮಟಮಟ ಮಧ್ಯಾಹ್ನದಾಗ ಬಂದು ಗೂಡಿನಾಗ ಇಟ್ಟ. ಬುಖಾರ್ ಹ್ಯಾಂಗದ ಬೇಟಿ ಅಂತ ದಿನಾ ಕೇಳ್ದಂಗೇ ಕೇಳ್ದ. ವಾಪಸ್ ಹೋಗ್ತಾ ಓಣಿ ತಿರುಗೂದ್ರಾಗ ಹೊಡದ್ರು. ನನಗ ಸಪ್ಪಳ ಕೇಳಿಸ್ತು, ಏನಂತ ತಿಳೀಲಿಲ್ಲ. ಬ್ರೆಡ್ ಇನ್ನಾ ಬಿಸಿ ಇತ್ತು ತಂಗೀ. ನಾ ಹಾಲಿನಾಗ ಅದ್ದಿ ತಿಂದೆ. ತಿಂದ ಮ್ಯಾಲೆ ಅವತ್ತೇ ಜ್ವರಾ ಇಳೀತು."

ಹೆಣ ಸಿಗಲಿಲ್ಲ. ಸ್ವಲ್ಪ ದಿನದ ಮೇಲೆ ಬೂಬು ತಾನೇ ಭಟ್ಟಿ ಹಚ್ಚಿದಳು. ಅದುವರೆಗೆ ಹೊರಗಿನವರ ಕಣ್ಣಿಗೇ ಬೀಳದ ಹೆಂಗಸು. ಹಚ್ಚಿದರೆ ಕೊಳ್ಳುವವರು ಯಾರು. ಡಬಲ್ ರೊಟ್ಟಿ ತಿನ್ನುತ್ತಿದ್ದ ಓಣಿಯಲ್ಲಿ ದುಡಿಯುವ ಕೈಗಳು ಉಳಿದಿರಲಿಲ್ಲ. ನಮ್ಮವರು ಕೊಳ್ಳುವುದು ಜ್ವರ ಬಂದರೆ ಮಾತ್ರ. ಮಳೆಗಾಲ ಮುಗಿದು ಊರಿನ ಜ್ವರಗಳೆಲ್ಲ ಇಳಿದವು. ಉಳಿದದ್ದು ನಮ್ಮ ಮನೆಯ ಒಂದು ಜ್ವರ. ಅದು ಇಳಿದರೆ ಭಟ್ಟಿ ಆರುತ್ತಿತ್ತು, ಬೂಬು ಭಿಕ್ಷೆಗೆ ನಿಲ್ಲಬೇಕಾಗುತ್ತಿತ್ತು, ಇಲ್ಲವೇ ಹಸಿದು ಸಾಯಬೇಕಾಗುತ್ತಿತ್ತು. ಅದಕ್ಕೇ ಅಕ್ಕ ಅದನ್ನು ಇಳಿಯಗೊಡಲಿಲ್ಲ.

"ಸುಮ್ಮ ಜೋಳ ಕೊಟ್ರ ಆಗ್ತಿದ್ದಿಲ್ಲೇನು?" ಎಂದು ಕೇಳಿದೆ.

"ದಾನ ಅಂದ್ರ ಬೂಬು ತಗೊಳ್ಳಂಗಿಲ್ಲ, ಅತ್ತಿ ಕೊಡಂಗಿಲ್ಲ. ಔಷಧಿಗಂದ್ರ ಇಬ್ಬರೂ ಒಪ್ತಾರ."

"ಜಡ್ಡಿನಾಕಿ ಅಂತ ನಿನ್ನ ಮ್ಯಾಲ ಇನ್ನೊಬ್ಬಾಕಿನ ತರ್ತಾರ ಅಂತ ಗೊತ್ತಿದ್ದಿಲ್ಲೇನು?"

"ಗೊತ್ತಿತ್ತು," ಅಂದಳು. "ನೀ ಬರ್ತಿ ಅಂತ ಗೊತ್ತಿದ್ದಿಲ್ಲ. ಯಾರರ ಬರ್ತಾರ ಅಂತ ಗೊತ್ತಿತ್ತು."

ನನಗೆ ಮೈಯೆಲ್ಲ ಉರಿದು ಹೋಯಿತು. ನನ್ನ ಬದುಕನ್ನು ನನ್ನನ್ನು ಕೇಳದೆ ಈಕೆ ತನ್ನ ಲೆಕ್ಕಕ್ಕೆ ಸೇರಿಸಿಕೊಂಡಿದ್ದಳು. ಒಳಗೆ ಹೋಗಿ ಅತ್ತೆ ಬರುವವರೆಗೂ ಬೀಸುವ ಕಲ್ಲಿನ ಮೇಲೆ ಸಿಟ್ಟು ತೀರಿಸಿಕೊಂಡೆ. ಆದರೆ ಮರುದಿನ ಬೂಬು ಬಂದು ಗೂಡಿಗೆ ಕೈ ಚಾಚಿದಾಗ ಆ ಕೈ ನೋಡಿದೆ. ಉಗುರ ಸಂದಿಯಲ್ಲಿ ಹಿಟ್ಟು ಒಣಗಿತ್ತು, ಮೊಣಕೈವರೆಗೆ ಸುಟ್ಟ ಗಾಯಗಳಿದ್ದವು. ನಾನು ಯಾರಿಗೂ ಏನೂ ಹೇಳಲಿಲ್ಲ.

ಮೊಮ್ಮಗಳು ಇಂಗ್ಲಿಷಿನಲ್ಲಿ ಎಂ.ಎ. ಓದುವಾಗ ಒಮ್ಮೆ ಈ ಮಾತಿನ ಮೂಲ ಹೇಳಿದ್ದಳು. ಬ್ರೆಡ್ ಅಂದರೆ ಬಹಳ ಹಿಂದೆ ಅವರಲ್ಲಿ ಬರೀ ತುಣುಕು, ತುತ್ತು ಎಂದಿದ್ದಿರಬೇಕಂತೆ. ಈಗ ಅವರ ಭಾಷೆಯಲ್ಲಿ ಅದು ಹೊಟ್ಟೆಪಾಡು ಅಂತಲೂ ಆಗುತ್ತದಂತೆ. ಅವರಿಗೆ ಬದುಕುವುದು, ನಮಗೆ ಸಾಯುವುದು, ಒಂದೇ ಮಾತು. ಇನ್ನೊಂದನ್ನೂ ಹೇಳಿದಳು: ಲೇಡಿ ಎಂಬ ಮಾತಿದೆಯಲ್ಲ, ಅದರ ಬುಡದಲ್ಲಿ ಇರುವುದು ಬ್ರೆಡ್ಡಿನ ಹಿಟ್ಟು ನಾದುವವಳು ಎಂಬ ಅರ್ಥ. ನನಗೆ ತಟ್ಟನೆ ಬೂಬು ನೆನಪಾದಳು. ಹಿತ್ತಲ ಬಾಗಿಲಲ್ಲಿ ಆಕೆಯನ್ನು ಒಳಗೆ ಬಾ ಅಂದವರಿಲ್ಲ.

ಅತ್ತೆಯ ವಿಷಯದಲ್ಲಿ ನನಗೆ ಈಗಲೂ ಒಂದು ಅನುಮಾನ: ಜ್ವರ ಸುಳ್ಳೆಂದು ಅವರಿಗೂ ಗೊತ್ತಿತ್ತೇನೋ. ಉಪ್ಪಿನ ಹರಳನ್ನೂ ಎಣಿಸಿ ಕೊಡುವ ಹೆಂಗಸು. ಆಳಿಗೆ ಅಳೆಯುವಾಗ ಸೇರಿನ ಬಾಯಿ ಅಂಗೈಯಿಂದ ಸವರಿ ಮೇಲಿನ ಕಾಳು ವಾಪಸ್ ಹಾಕಿಕೊಳ್ಳುತ್ತಿದ್ದರು. ಬೂಬುವಿನ ಜೋಳಕ್ಕೆ ಮಾತ್ರ ಸೇರಿನ ಮೇಲೆ ಗೋಪುರ ಏಳುವಷ್ಟು ಸುರಿದು ಎರಡೂ ಕೈಯಲ್ಲಿ ಹಿಡಿದು ಒಯ್ಯುತ್ತಿದ್ದರು. ಹೊಲದಾಳನ್ನು ಕಳಿಸಿದ್ದು ತಾವು ಎಂಬುದನ್ನು ಅವರು ಬಾಯಿಬಿಟ್ಟು ಒಮ್ಮೆಯೂ ಹೇಳಲಿಲ್ಲ. ಸೊಸೆಯ ಜ್ವರ ಯಾಕೆ ಇಳಿಯಲಿಲ್ಲ ಎಂದು ಯಾವ ಡಾಕ್ಟರನ್ನೂ ಕೇಳಲಿಲ್ಲ. ಇಷ್ಟಾಗಿಯೂ ಮಗನಿಗೆ ಇನ್ನೊಂದು ಮದುವೆ ಮಾಡಿದರು. ಇದರಲ್ಲಿ ಯಾವುದು ಧರ್ಮ, ಯಾವುದು ಅಂಜಿಕೆ ಎಂದು ನನಗೆ ಬಗೆಹರಿದಿಲ್ಲ.

ಆ ವರ್ಷ ಚಳಿ ಜೋರಾಗಿತ್ತು. ಯಜಮಾನರು ಜೋಳದ ಕಾವಲಿಗೆಂದು ಕೊಹಿನೂರಿನ ಹೊಲದಲ್ಲೇ ಇದ್ದರು. ವರ್ಷಕ್ಕೂ ಹೆಚ್ಚು ಕಾಲ ಕತ್ತಲ ಕೋಣೆಯಲ್ಲಿ ಬ್ರೆಡ್ಡು ಹಾಲಿನ ಮೇಲೆ ಬದುಕಿದ ಅಕ್ಕ ಒಳಗೇ ಸೊರಗಿದ್ದಳು. ನಾನು ಕದ್ದು ರೊಟ್ಟಿ ಕೊಟ್ಟರೂ ಹೊಟ್ಟೆ ತಡೆಯುತ್ತಿರಲಿಲ್ಲ. ಒಂದು ಬೆಳಿಗ್ಗೆ ನೀರು ಕೊಡಲು ಹೋದರೆ ಆಕೆಯ ಹಲ್ಲು ಕಟಕಟ ಅನ್ನುತ್ತಿದ್ದವು. ಹಣೆ ಮುಟ್ಟಿದೆ, ಕೈ ಸುಟ್ಟ ಹಾಗಾಯಿತು. ಉಸಿರು ಎಳೆಯುವಾಗ ಎದೆಯಲ್ಲಿ ಕೊರಕೊರ ಸಪ್ಪಳ. ಈ ಸಲದ್ದು ನಿಜವಾದ ಜ್ವರ, ಮತ್ತು ಅದು ನಿಜ ಎಂದು ಗೊತ್ತಿದ್ದವಳು ನಾನೊಬ್ಬಳೇ.

ಅತ್ತೆಯ ಹತ್ತಿರ ಓಡಿದೆ. "ಅತ್ತೀ, ಅಕ್ಕಗ ಜ್ವರಾ ಭಾಳ ಅದರಿ. ಡಾಕ್ಟರಿಗಿ ಹೇಳಿ ಕಳಸ್ರಿ."

"ಅದೇನು ಹೊಸಾದೇನು? ಬ್ರೆಡ್ ಮ್ಯಾಲ ಅದಾಳಲ್ಲ."

"ಇದು ಬ್ಯಾರೆ ಜ್ವರಾ ರೀ. ಮುಟ್ಟಿ ನೋಡ್ರಿ."

"ಆಕಿನ್ನ ಮುಟ್ಟಿದಿ ಏನು ನೀನು?" ಅಂದರು ಅತ್ತೆ. "ಹೋಗು, ಮೊದಲ ಜಳಕಾ ಮಾಡು."

ಅವರು ಕೋಣೆಯ ಬಾಗಿಲವರೆಗೆ ಬಂದು ಇಣುಕಿ ನೋಡಿದರು. ಅಕ್ಕ ಕೌದಿಯೊಳಗೆ ನರಳುತ್ತಿದ್ದಳು. ದಿನಾ ನರಳುತ್ತಿದ್ದುದಕ್ಕೂ ಅದಕ್ಕೂ ಬಾಗಿಲಲ್ಲಿ ನಿಂತವರಿಗೆ ಏನು ವ್ಯತ್ಯಾಸ ತಿಳಿಯಬೇಕು. ಒಂದು ಬೆರಳು ಮುಟ್ಟಿದ್ದರೆ ತಿಳಿಯುತ್ತಿತ್ತು. ಅದೇ ಆ ಮನೆಯಲ್ಲಿ ಆಗದ ಕೆಲಸ. ಇಲ್ಲದ ಜ್ವರವನ್ನು ಇಷ್ಟು ದಿನ ಮುಚ್ಚಿಟ್ಟ ನೇಮವೇ ಈಗ ಇದ್ದ ಜ್ವರವನ್ನೂ ಮುಚ್ಚಿಟ್ಟಿತು.

ಹೊಲದಾಳಿನ ಕೈಯಲ್ಲಿ ಕೊಹಿನೂರಿಗೆ ಹೇಳಿ ಕಳಿಸಿದೆ. ಯಜಮಾನರು ಬಂದಾಗ ನಾನು ಅಂಜಿಕೆ ಬಿಟ್ಟು ಎಲ್ಲ ಹೇಳಿಬಿಟ್ಟೆ. ಇಷ್ಟು ದಿನ ಆಕೆಗೆ ಜ್ವರ ಇರಲಿಲ್ಲ, ಈಗ ಬಂದಿದೆ, ಡಾಕ್ಟರನ್ನು ಕರೆಸಿದರೆ ಉಳಿಯುತ್ತಾಳೆ ಎಂದೆ. ಕೈ ಹಿಡಿದು ಕೇಳಿಕೊಂಡೆ.

ಅವರು ಕೈ ಕೊಡವಿಕೊಂಡರು. "ಇಷ್ಟ ದಿನಾ ನಾಟಕ ಮಾಡಾಕತ್ತಿದ್ಳು ಅಂತೀ? ಸಾಯೂ ಮನಷ್ಯಾಳ ಮ್ಯಾಲ ಇಂಥಾ ಮಾತಾ? ಸವತಿ ಬುದ್ಧಿ ತೋರಸ್ದಿ ನೋಡು."

ಸುಳ್ಳನ್ನು ಇಡೀ ಮನೆ ನಂಬಿತ್ತು, ನಿಜ ನನ್ನ ಬಾಯಿಂದ ಬಂದದ್ದಕ್ಕೇ ಹೊಲಸಾಯಿತು. ಜಳಕ ಮಾಡು ಅಂದರೂ ಮಾಡದೆ ಅಕ್ಕನ ಪಕ್ಕದಲ್ಲೇ ಕುಳಿತೆ, ಹಣೆಗೆ ಒದ್ದೆ ಬಟ್ಟೆ ಹಾಕಿದೆ, ಎದೆಗೆ ಬಿಸಿ ಎಣ್ಣೆ ತಿಕ್ಕಿದೆ. ನನ್ನನ್ನು ಸವತಿ ಎಂದು ಕರೆದ ಗಂಡನ ಮೇಲೆ ಹುಟ್ಟಿದ ಸಿಟ್ಟು ಆತ ತೀರಿಕೊಂಡು ಇಷ್ಟು ವರ್ಷವಾದರೂ ನನಗೆ ಪೂರ್ತಿ ಹೋಗಿಲ್ಲ.

ಕೊನೆಯ ದಿನ ಬೂಬು ಬಂದು ಎಂದಿನಂತೆ ಕೇಳಿದಳು. ಅಕ್ಕನಿಗೆ ಉತ್ತರ ಕೊಡಲು ಉಸಿರು ಸಾಲಲಿಲ್ಲ. ನಾನೇ ಒಳಗಿನಿಂದ, "ಅದ ಬೂಬೂ, ಹಂಗೇ ಅದ" ಅಂದೆ. ಅಕ್ಕ ನನ್ನ ಸೆರಗು ಹಿಡಿದೆಳೆದು, "ಜೋಳಾ ಇಟ್ಟಾರೇನು ನೋಡು" ಅಂದಳು. ಇಟ್ಟಿದ್ದಾರೆ ಎಂದು ಹೇಳಿದೆ. ಬಿಸಿಲು ಇಳಿಯುವುದರೊಳಗೆ ಅಕ್ಕ ಹೋಗಿಬಿಟ್ಟಳು. ಬಂದವರೆಲ್ಲ, ಬ್ರೆಡ್ ಮೇಲೆ ಇದ್ದವಳು ಇಷ್ಟು ದಿನ ಬದುಕಿದ್ದೇ ಹೆಚ್ಚು, ಒಳ್ಳೆಯದಾಯಿತು ಅಂದರು. ಸಂಪ್ರದಾಯದಂತೆ ಕುಳ್ಳಿರಿಸಿ, ವಿಭೂತಿ ಹಚ್ಚಿ ಒಯ್ದು ಮಣ್ಣು ಕೊಟ್ಟರು. ಆ ದಿನ ಆಕೆಯನ್ನು ಎಲ್ಲರೂ ಮುಟ್ಟಿದರು.

ಮಣ್ಣು ಕೊಟ್ಟ ಮರುದಿನ ಅಕ್ಕನ ಹೊರಸನ್ನು ಹಳ್ಳಕ್ಕೆ ಎಸೆಯಲೆಂದು ಹಿತ್ತಲ ಬಾಗಿಲಿಗೆ ಒರಗಿಸಿ ಇಟ್ಟಿದ್ದರು. ಅದೇ ಹೊತ್ತಿಗೆ ಬೂಬು ಬಂದಳು. ಕೈಯಲ್ಲಿ ಬಟ್ಟೆಯ ಗಂಟು ಇತ್ತು. ಗೂಡಿನಲ್ಲಿ ಇಡದೆ ಎದೆಗೆ ಒತ್ತಿ ಹಿಡಿದುಕೊಂಡು ನಿಂತಳು.

"ರಾತ್ರಿನೇ ಹಿಟ್ಟು ಕಲಸಿದ್ದೆ ಬೇಟಿ, ಆಮ್ಯಾಲ ಸುದ್ದಿ ಬಂತು," ಅಂದಳು. "ನಾಳಿಂದ ಭಟ್ಟಿ ಹಚ್ಚಂಗಿಲ್ಲ. ಯಾರಿಗಂತ ಹಚ್ಚಲಿ."

ಒಳಗೆ ಅಡುಗೆಮನೆಯಲ್ಲಿ ಅತ್ತೆ ಇದ್ದರು. ಇಂದು ನಾನು ಮಲಗಿದರೆ ನಾಳೆ ಹುಮನಾಬಾದಿನಲ್ಲೋ ಬೇರೆ ಊರಿನಲ್ಲೋ ಇನ್ಯಾರದೋ ಅವ್ವ ಪಾಪ ಅನ್ನುತ್ತಾಳೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಒರಗಿಸಿದ್ದ ಹೊರಸನ್ನು ಕೆಳಗೆ ಹಾಕಿ ಅದರ ಮೇಲೆ ಕುಳಿತೆ.

"ಬೂಬೂ, ನನಗೂ ಮೈ ಬಿಸಿ ಆಗ್ಯದ," ಅಂದೆ.

ಬೂಬು ನನ್ನನ್ನೇ ನೋಡಿದಳು. ಆಮೇಲೆ, ಅಷ್ಟು ದಿನ ದಾಟದ ಹೊಸ್ತಿಲನ್ನು ದಾಟಿ ಬಂದು, ಸುಟ್ಟ ಗಾಯಗಳ ಆ ಕೈಯನ್ನು ನನ್ನ ಹಣೆಯ ಮೇಲೆ ಇಟ್ಟಳು. ಚಳಿಗಾಲದ ಬೆಳಗು, ಆಗಷ್ಟೇ ತಣ್ಣೀರಲ್ಲಿ ಮುಖ ತೊಳೆದಿದ್ದೆ. ಆಕೆಯ ಕೈ ಅಲ್ಲೇ ಉಳಿಯಿತು. ಅಕ್ಕನ ಜ್ವರ ಎಂಥದಿತ್ತು ಎಂಬುದೂ ಆಗಲೇ ಆಕೆಗೆ ತಿಳಿದಿರಬೇಕು.

"ಭಾಳ ಅದ ಬೇಟಿ," ಅಂದಳು ಬೂಬು, ಒಳಗಿನ ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ. "ಮೈ ಕೆಂಡ ಆಗ್ಯದ."

ಒಳಗೆ ಅತ್ತೆ ಸೇರಿಗೆ ಜೋಳ ಸುರಿಯುವ ಸಪ್ಪಳ ಕೇಳಿಸಿತು.